ಭೂತ ಶಬ್ದ ವಿಚಾರ



ನಿನ್ನೆಯ ದಿವಸ ಪಂಚಭೂತಗಳ ವಿಷಯವನ್ನು ಹೇಳುತ್ತ, ಈ ಶರೀರವು ಐದು ಭೂತಗಳಿಂದ ಆದದ್ದು, ಆ ಐದೂ ನಮ್ಮೊಳಗೆ ಸದಾಕಾಲ ಇರುತ್ತವೆ ಎಂದು ಹೇಳಿದ್ದೆವಷ್ಟೆ. ಇಂದು ಮುಂಜಾನೆ ಪೂಜೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ನಿಂತಿದ್ದಳು. ಹುಡುಗ ಏಳೆಂಟು ವರ್ಷದವನು. "ಅಜ್ಜಾರ, ಇವ ರಾತ್ರಿಯೆಲ್ಲಾ ನಿದ್ದಿ ಮಾಡಿಲ್ರಿ. ನನ್ನ ಹೊಟ್ಟ್ಯಾಗ ಐದು ಭೂತ ಅದಾವಂತ, ಅಜ್ಜಾರ ಹೇಳ್ಯಾರ ಅಂತ ಒಂದೇ ಸವನ ಅತ್ತಾನ್ರಿ" ಎಂದಳು. ಸುತ್ತಲಿದ್ದವರೆಲ್ಲ ನಕ್ಕರು, ನಮಗೂ ನಗು ಬಂದಿತು. ಆದರೆ ಆ ಹುಡುಗನ ಮುಖ ನೋಡಿದ ಮೇಲೆ ನಗು ನಿಂತಿತು. ಅವನು ನಿಜವಾಗಿಯೂ ಹೆದರಿದ್ದನು.

ತಪ್ಪು ಹುಡುಗನದಲ್ಲ. ಆ ಶಬ್ದದ ಒಂದು ಅರ್ಥ ಅವನ ಮನೆಯಲ್ಲಿದೆ, ಮತ್ತೊಂದು ಅರ್ಥ ನಮ್ಮ ಪುಸ್ತಕದಲ್ಲಿದೆ. ಇದರಿಂದ ಅದಕ್ಕೆ ಹೋಗುವ ದಾರಿಯನ್ನು ನಾವು ಹೇಳಲಿಲ್ಲ. ಆದ್ದರಿಂದ ಇಂದು ಮುಂದಿನ ವಿಷಯಕ್ಕೆ ಹೋಗದೆ, ಈ ಒಂದು ಶಬ್ದ ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ತಿರುಗಾಡಿತು, ನಮ್ಮ ಹಳ್ಳಿಯ ಹುಣಸೆಮರಕ್ಕೆ ಬಂದು ಹೇಗೆ ಕುಳಿತಿತು ಎಂಬುದನ್ನು ನೋಡೋಣ.

ಪಾಣಿನೀಯ ಸಂಪ್ರದಾಯದ ಧಾತುಪಾಠದಲ್ಲಿ ಸುಮಾರು 2000 ಧಾತುಗಳಿವೆ. ಅವುಗಳಲ್ಲಿ ಮೊಟ್ಟಮೊದಲನೆಯದೇ ಭೂ ಎಂಬ ಧಾತು. ಅದರ ಅರ್ಥ ಸತ್ತೆ. ನಾವು ಪಾಠಶಾಲೆಯಲ್ಲಿದ್ದಾಗ ಹಳ್ಳಿಯಿಂದ ಹೊಸದಾಗಿ ಬಂದ ಹುಡುಗನೊಬ್ಬ, ಗುರುಗಳು "ಭೂ ಧಾತುವಿನ ಅರ್ಥ ಸತ್ತೆ" ಎಂದು ಹೇಳಿದ ಕೂಡಲೆ, "ಯಾರು ಸತ್ತರು ಗುರುಗಳೇ?" ಎಂದು ಕೇಳಿಬಿಟ್ಟನು. ಕನ್ನಡದಲ್ಲಿ ಸತ್ತೆ ಎಂದರೆ ಪ್ರಾಣ ಬಿಟ್ಟೆ ಎಂದರ್ಥ, ಸಂಸ್ಕೃತದಲ್ಲಿ ಸತ್ತೆ ಎಂದರೆ ಇರುವಿಕೆ. ಆ ಹುಡುಗನ ಪ್ರಶ್ನೆಗೆ ಅಂದು ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಈಗ ನೆನೆದರೆ, ಭೂತ ಶಬ್ದದ ಕಥೆಯೆಲ್ಲ ಆ ಎರಡು ಸತ್ತೆಗಳ ನಡುವೆಯೇ ಇದೆ ಎನಿಸುತ್ತದೆ.

ಭೂ ಧಾತುವಿಗೆ ಕ್ತ ಪ್ರತ್ಯಯ ಹಚ್ಚಿದರೆ ಭೂತ. ಆದದ್ದು, ಇದ್ದದ್ದು, ಇರುವುದು ಎಂದಿಷ್ಟೇ ಅದರ ಮೂಲಾರ್ಥ. ಇದೇ ಧಾತುವಿನಿಂದ ಹುಟ್ಟಿದ ಅಣ್ಣತಮ್ಮಂದಿರನ್ನು ಸ್ವಲ್ಪ ನೋಡಿರಿ. ನಾವು ಹಣೆಗೆ ಧರಿಸುವ ವಿಭೂತಿ ಇದರ ಬಂಧು. ಅಲ್ಲಮ ಪ್ರಭುದೇವರ ಹೆಸರಿನಲ್ಲಿರುವ ಪ್ರಭು ಇದರ ಬಂಧು. ಕಲ್ಯಾಣದ ಅನುಭವ ಮಂಟಪದಲ್ಲಿರುವ ಅನುಭವ ಇದರ ಬಂಧು. ಶಂಭು, ಸ್ವಯಂಭು, ಭವ ಎಲ್ಲವೂ ಇದೇ ಮನೆಯವು. ಇಂಥ ಕುಲದಲ್ಲಿ ಹುಟ್ಟಿದ ಶಬ್ದ ಸ್ಮಶಾನ ಸೇರಿದ್ದು ಹೇಗೆ?

ವೇದಗಳಲ್ಲಿ ಈ ಶಬ್ದಕ್ಕೆ ಅಂಜಿಕೆಯ ವಾಸನೆಯಿಲ್ಲ. ಪುರುಷಸೂಕ್ತದಲ್ಲಿ ಆಗಿಹೋದದ್ದು ಭೂತ, ಆಗಲಿರುವುದು ಭವ್ಯ. ಇವೆರಡೂ ಆ ಪುರುಷನೇ ಎಂಬ ಅಭಿಪ್ರಾಯವಿದೆ. ನಿಮ್ಮ ಮಕ್ಕಳು ಸಾಲೆಯಲ್ಲಿ ವ್ಯಾಕರಣ ಕಲಿಯುವಾಗ ಭೂತಕಾಲ ಎನ್ನುತ್ತಾರಲ್ಲವೆ, ಅದು ಈ ಅರ್ಥದ ನೇರ ಸಂತತಿ. 13ನೆಯ ಶತಮಾನದ ಕೇಶಿರಾಜನು ಕನ್ನಡಕ್ಕೆ ವ್ಯಾಕರಣ ಬರೆದಾಗಲೂ ಕ್ರಿಯಾಪದದ ಕಾಲಕ್ಕೆ ಈ ಹೆಸರನ್ನೇ ಇಟ್ಟುಕೊಂಡನು. ಅಥರ್ವವೇದದಲ್ಲಿ ಭವ ಮತ್ತು ಶರ್ವರನ್ನು ಭೂತಪತಿಗಳೆಂದೂ ಪಶುಪತಿಗಳೆಂದೂ ಒಂದೇ ಉಸಿರಿನಲ್ಲಿ ಕರೆದಿದ್ದಾರೆ. ಅಲ್ಲಿ ಭೂತವೆಂದರೆ ಹುಟ್ಟಿಬಂದ ಸಮಸ್ತ ಜೀವಿಗಳು. ಶಿವನು ಭೂತನಾಥನೆಂದರೆ ದೆವ್ವಗಳ ಯಜಮಾನನೆಂದಲ್ಲ, ಇರುವುದೆಲ್ಲದರ ಒಡೆಯನೆಂದು ಮೊದಲ ಅರ್ಥ.

ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೆಂಬುದೊಂದಿದೆ. ಹೆಸರು ಕೇಳಿದರೆ ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಕೊಯ್ಯುವ ಕೆಲಸವೆಂದು ನಿಮಗೆ ತೋರೀತು. ಹಾಗಲ್ಲ. ಗೃಹಸ್ಥನು ತಾನು ಉಣ್ಣುವ ಮೊದಲು ಕಾಗೆ, ನಾಯಿ, ಇರುವೆ ಮೊದಲಾದ ಜೀವಿಗಳಿಗೆ ಒಂದು ತುತ್ತು ಇಡಬೇಕು, ಅದೇ ಭೂತಯಜ್ಞ. ನಮ್ಮ ರೈತರು ಸೀಗಿಹುಣ್ಣಿಮೆಗೂ ಎಳ್ಳಮವಾಸ್ಯೆಗೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ಹಕ್ಕಿ ತಿನ್ನಲಿ, ಹುಳ ತಿನ್ನಲಿ, ಮೊದಲ ಪಾಲು ಅವುಗಳಿಗೆ. ಭೂತಯಜ್ಞವೆಂಬ ಹೆಸರನ್ನು ಕೇಳದವರೇ ಅದನ್ನು ವರ್ಷಾವಧಿ ತಪ್ಪದೆ ನಡೆಸುತ್ತಿದ್ದಾರೆ, ಹೆಸರು ಬಲ್ಲ ಪಂಡಿತರ ಮನೆಯಲ್ಲಿ ಅದು ಎಂದೋ ನಿಂತುಹೋಗಿದೆ. ಇಲ್ಲೊಂದು ಮಾತು: ಹೊಲದಲ್ಲಿ ಪೂಜೆಗೊಳ್ಳುವ ಭೂತಾಯಿ ಭೂತದ ತಾಯಿಯಲ್ಲ. ಭೂ ಮತ್ತು ತಾಯಿ ಎಂದು ಪದವನ್ನು ಬಿಡಿಸಬೇಕು. ತಪ್ಪಾಗಿ ಬಿಡಿಸಿ ಹೆದರಿದವರನ್ನೂ ನಾವು ಕಂಡಿದ್ದೇವೆ.

ಮೌರ್ಯ ಚಕ್ರವರ್ತಿ ಅಶೋಕನು ಕ್ರಿ. ಪೂ. 3ನೆಯ ಶತಮಾನದಲ್ಲಿ ಬಂಡೆಗಳ ಮೇಲೆ ಕೆತ್ತಿಸಿದ ಶಾಸನಗಳಲ್ಲಿಯೂ ಭೂತ ಶಬ್ದ ಬರುತ್ತದೆ. ಅವನ 4ನೆಯ ಬಂಡೆಶಾಸನ ಭೂತಗಳನ್ನು ಹಿಂಸಿಸಬಾರದೆನ್ನುತ್ತದೆ. 6ನೆಯದರಲ್ಲಿ ತಾನು ಪಡುವ ಶ್ರಮವೆಲ್ಲ ಭೂತಗಳ ಋಣ ತೀರಿಸುವುದಕ್ಕೆ ಎಂಬ ಭಾವವಿದೆ. ಇದನ್ನು ನಮ್ಮ ಇಂದಿನ ಅರ್ಥದಲ್ಲಿ ಓದಿದರೆ, ಅರಸನಿಗೆ ಪಾಪ, ದೆವ್ವಗಳ ಸಾಲವಿತ್ತೆಂದು ತಿಳಿಯಬೇಕಾಗುತ್ತದೆ! ಅವನು ಹೇಳುತ್ತಿದ್ದುದು ಪ್ರಜೆಗಳ, ಪಶುಪಕ್ಷಿಗಳ ಋಣ.

ಇನ್ನು ಅಮರಕೋಶ. ಅಮರಸಿಂಹನು ಈ ಶಬ್ದವನ್ನು ಎರಡು ಕಡೆ ಇಟ್ಟಿದ್ದಾನೆ. ಸ್ವರ್ಗವರ್ಗದಲ್ಲಿ ವಿದ್ಯಾಧರ, ಅಪ್ಸರೆ, ಯಕ್ಷ, ಗಂಧರ್ವ, ಕಿನ್ನರ, ಸಿದ್ಧ ಮೊದಲಾದ ಹತ್ತು ದೇವಯೋನಿಗಳ ಸಾಲಿನಲ್ಲಿ ಕೊನೆಯವನಾಗಿ ಭೂತ ನಿಂತಿದ್ದಾನೆ. ಸಾಲಿನ ಕೊನೆಯಾದರೂ ದೇವತೆಗಳ ಸಾಲು ಎಂಬುದನ್ನು ಮರೆಯಬಾರದು. ಜೈನರ ತತ್ತ್ವಾರ್ಥಸೂತ್ರವೂ ಎಂಟು ಬಗೆಯ ವ್ಯಂತರ ದೇವರಲ್ಲಿ ಭೂತವನ್ನು ಎಣಿಸುತ್ತದೆ. ಅಮರನು ಮುಂದೆ ನಾನಾರ್ಥವರ್ಗದಲ್ಲಿ ಇದೇ ಶಬ್ದಕ್ಕೆ ಯುಕ್ತವಾದದ್ದು, ಪೃಥ್ವಿ ಮೊದಲಾದವು, ಪ್ರಾಣಿ, ಕಳೆದುಹೋದದ್ದು, ಸಮಾನವಾದದ್ದು ಎಂಬ ಅರ್ಥಗಳನ್ನು ಹೇಳುತ್ತ, ಅವುಗಳ ನಡುವೆ ಋತ, ಅಂದರೆ ಸತ್ಯ, ಎಂಬ ಅರ್ಥವನ್ನೂ ಸೇರಿಸಿದ್ದಾನೆ. ನಾವು ಬಾಯಿಪಾಠ ಮಾಡುವ ವಯಸ್ಸಿನಲ್ಲಿ ಇದನ್ನು ಗಮನಿಸಿರಲಿಲ್ಲ. ಭೂತವೆಂದರೆ ಸತ್ಯ! ಕಾಳಿದಾಸನ ಶಾಕುಂತಲದ ಆರಂಭದಲ್ಲಿ ಸೂತ್ರಧಾರನು ನಟಿಗೆ ಇದ್ದ ಮಾತನ್ನು ಇದ್ದಂತೆ ಹೇಳುವೆನೆನ್ನುವಾಗ ಭೂತಾರ್ಥ ಎಂಬ ಪದವನ್ನೇ ಬಳಸುತ್ತಾನೆ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಶುದ್ಧನಯವನ್ನು ಭೂತಾರ್ಥವೆಂದಿದ್ದಾರೆ. ಬೌದ್ಧರಲ್ಲಿ ಯಥಾಭೂತ ದರ್ಶನವೆಂದರೆ ವಸ್ತುವನ್ನು ಇದ್ದಂತೆಯೇ ಕಾಣುವುದು. ಹಾಗಾದರೆ ಭೂತವನ್ನು ಕಂಡವನು ಜ್ಞಾನಿಯಾಗಬೇಕಾಗಿತ್ತು. ನಮ್ಮಲ್ಲಿ ಭೂತ ಕಂಡವನು ಜ್ವರ ಬಂದು ಮಲಗುತ್ತಾನೆ. ಇರುವುದಕ್ಕೆ ಇಟ್ಟ ಹೆಸರನ್ನು ಜನರು ಇಲ್ಲದ್ದಕ್ಕೆ ಇಟ್ಟರು. ಒಂದು ಶಬ್ದಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಆದರೆ ಈ ತಿರುವು ಇತ್ತೀಚಿನದಲ್ಲ, ಬಹಳ ಹಳೆಯದೇ. ಛಾಂದೋಗ್ಯೋಪನಿಷತ್ತಿನಲ್ಲಿ ನಾರದನು ಸನತ್ಕುಮಾರನ ಬಳಿಗೆ ಬಂದು ತಾನು ಕಲಿತ ವಿದ್ಯೆಗಳ ಪಟ್ಟಿ ಕೊಡುವಾಗ ಅದರಲ್ಲಿ ಭೂತವಿದ್ಯೆಯೂ ಒಂದು. ಇಷ್ಟೆಲ್ಲ ಕಲಿತರೂ ತನ್ನ ಶೋಕ ಹೋಗಲಿಲ್ಲವೆಂದು ಅವನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಭೂತವಿದ್ಯೆ ಬಲ್ಲೆವೆಂದು ಬೋರ್ಡು ಹಾಕಿಕೊಂಡವರು ಆ ಅಧ್ಯಾಯವನ್ನು ಓದಬೇಕು. ಭಗವದ್ಗೀತೆಯಲ್ಲಿ ಭೂತವೆಂಬುದು ಹಲವು ಕಡೆ ಜೀವರಾಶಿ. 9ನೆಯ ಮತ್ತು 17ನೆಯ ಅಧ್ಯಾಯಗಳಲ್ಲಿ ಮಾತ್ರ ಪ್ರೇತಗಳ ಜೊತೆಗೆ, ತಾಮಸರು ಪೂಜಿಸುವ ಭೂತಗಣಗಳು ಬರುತ್ತವೆ. ಒಂದೇ ಗ್ರಂಥದಲ್ಲಿ ಎರಡೂ ಅರ್ಥ. ಭೂತದ ಬಾಯಲ್ಲಿ ಭಗವದ್ಗೀತೆ ಎಂಬ ಗಾದೆ ನಮ್ಮಲ್ಲಿದೆ. ಭಗವದ್ಗೀತೆಯ ಬಾಯಲ್ಲಿಯೂ ಭೂತವಿದೆ ಎಂಬುದು ಗಾದೆ ಮಾಡಿದವನಿಗೆ ತಿಳಿದಿತ್ತೋ ಇಲ್ಲವೋ.

ಅರ್ಥ ಹೀಗೇಕೆ ತಿರುಗಿತು? ನಮ್ಮ ಬುದ್ಧಿಗೆ ತೋಚುವುದು ಇಷ್ಟು. ಕಳೆದುಹೋದದ್ದು ಭೂತವಾದ್ದರಿಂದ ಕಳೆದುಹೋದ ಮನುಷ್ಯನೂ ಭೂತನಾದನು. ಪ್ರೇತ ಶಬ್ದವೂ ಹಾಗೆಯೇ, ಮುಂದೆ ಹೋದವನು ಎಂದಷ್ಟೇ ಅದರ ಧಾತ್ವರ್ಥ. ಎರಡನೆಯದಾಗಿ, ಅಂಜಿದ ಮನುಷ್ಯ ತಾನು ಅಂಜಿದ್ದಕ್ಕೆ ಹೆಸರು ಹೇಳಲಾರನು. ಕತ್ತಲಲ್ಲಿ "ಏನೋ ಇದೆ" ಎನ್ನುತ್ತಾನೆ. ಆ "ಏನೋ ಇದೆ" ಎಂಬುದರ ಸಂಸ್ಕೃತವೇ ಭೂತ. ನಮ್ಮ ಹೆಣ್ಣುಮಕ್ಕಳು ಗಾಳಿ ಸೋಕಿದೆ ಎನ್ನುತ್ತಾರೆ, ಅಲ್ಲಿಯೂ ಹೆಸರಿಲ್ಲ, ಬರಿಯ ಗಾಳಿ. ದೆವ್ವ ಎಂಬ ನಮ್ಮ ಶಬ್ದದ ಕಥೆ ಇನ್ನೂ ವಿಚಿತ್ರ. ಅದು ದೈವ ಶಬ್ದದ ತದ್ಭವ. ಪೂಜೆ ಮಾಡಿಸಿಕೊಳ್ಳುವಾಗ ದೈವ, ಅಂಜಿಸುವಾಗ ದೆವ್ವ.

ಗುಣಾಢ್ಯನ ಬೃಹತ್ಕಥೆ ಪೈಶಾಚೀ ಭಾಷೆಯಲ್ಲಿತ್ತೆಂದು ಪ್ರಸಿದ್ಧಿ. ದಂಡಿಯು ಆ ಭಾಷೆಯನ್ನು ಭೂತಭಾಷೆ ಎಂದು ಕರೆದಿದ್ದಾನೆ. ತಮಗೆ ತಿಳಿಯದ ಜನರ ಮಾತನ್ನು ಭೂತಗಳ ಮಾತೆನ್ನುವುದು ಹಳೆಯ ರೂಢಿ. ಅದನ್ನು ದೇವಭಾಷೆಗೆ ತಂದವನು ನಮ್ಮ ನಾಡಿನ ಅರಸ, ಗಂಗವಂಶದ ದುರ್ವಿನೀತ, ಎಂದು ಗಂಗರ ತಾಮ್ರಶಾಸನಗಳು ಹೊಗಳುತ್ತವೆ. ಮೂಲ ಇಂದು ಉಳಿದಿಲ್ಲ, ದುರ್ವಿನೀತನ ಕೃತಿಯೂ ಸಿಕ್ಕಿಲ್ಲ.

ವೈದ್ಯಶಾಸ್ತ್ರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆ ಒಂದು. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಭೂತಗಳ ಲಕ್ಷಣಕ್ಕೆ ಒಂದು ಅಧ್ಯಾಯ, ಚಿಕಿತ್ಸೆಗೆ ಒಂದು ಅಧ್ಯಾಯವಿದೆ. ಅದರ ಮರು ಅಧ್ಯಾಯವೇ ಉನ್ಮಾದ. ಆ ಆಚಾರ್ಯರಿಗೆ ಇವೆರಡೂ ನೆರೆಹೊರೆಯೆಂಬುದು ಗೊತ್ತಿತ್ತು. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದವನ್ನು ಹೇಳುವಾಗ ಇನ್ನೂ ಸ್ಪಷ್ಟವಾದ ಮಾತಿದೆ. ದೇವತೆಗಳಾಗಲಿ, ಗಂಧರ್ವರಾಗಲಿ, ಪಿಶಾಚ ರಾಕ್ಷಸರಾಗಲಿ ತನ್ನಿಂದ ತಾನು ಕೆಡದ ಮನುಷ್ಯನನ್ನು ಕೆಡಿಸಲಾರರು, ರೋಗಕ್ಕೆ ಅವರನ್ನು ದೂರಬಾರದು, ಅದು ಪ್ರಜ್ಞಾಪರಾಧದ ಫಲ ಎಂಬುದು ಅದರ ತಾತ್ಪರ್ಯ. ಅಷ್ಟು ಹಿಂದೆಯೇ ಒಬ್ಬ ವೈದ್ಯನು ಹೀಗೆ ಬರೆದನೆಂಬುದಕ್ಕೆ ನಾವು ಹೆಮ್ಮೆಪಡಬೇಕು. ಆದರೂ ಸತ್ಯವನ್ನು ಅರ್ಧ ಹೇಳಬಾರದು. ಅದೇ ಗ್ರಂಥಗಳ ಉನ್ಮಾದ ಚಿಕಿತ್ಸೆಯಲ್ಲಿ ರೋಗಿಯನ್ನು ಕಟ್ಟುವುದು, ಹಲ್ಲು ಕಿತ್ತ ಹಾವಿನಿಂದ ಹೆದರಿಸುವುದು, ಚಾವಟಿಯಿಂದ ಹೊಡೆಯುವುದು ಇವೂ ಉಂಟು. ಹಳೆಯದೆಂಬ ಕಾರಣಕ್ಕೆ ಇವನ್ನು ತಲೆಯ ಮೇಲೆ ಹೊರಬೇಕಾಗಿಲ್ಲ. ಪ್ರಜ್ಞಾಪರಾಧವೆಂದಾಗ ರೋಗ ಬಂದವರದೇ ತಪ್ಪೆಂದು ಬೆರಳು ತೋರಿಸುವುದೂ ಸಲ್ಲದು. ಮನಸ್ಸಿನ ರೋಗ ಮೈಯ ರೋಗದಂತೆಯೇ ಬರುತ್ತದೆ, ಹೋಗುತ್ತದೆ.

ಇಷ್ಟು ಪುಸ್ತಕದ ಮಾತಾಯಿತು. ಕಲ್ಲಿನಲ್ಲಿರುವ ಭೂತಗಳನ್ನು ನೋಡಬೇಕಾದರೆ ಬಾದಾಮಿಗೆ ಹೋಗಬೇಕು. ಅಲ್ಲಿಯ ಗುಹಾಲಯಗಳಲ್ಲಿ ಮೂರನೆಯದಕ್ಕೆ ಶಕ 500, ಅಂದರೆ ಕ್ರಿ. ಶ. 578ರ ಶಾಸನವಿದೆ. ಗುಹೆಗಳ ಜಗಲಿಯ ಕೆಳಗಿನ ಪಟ್ಟಿಕೆಯುದ್ದಕ್ಕೂ ಗಿಡ್ಡ ಕಾಲಿನ, ಡೊಳ್ಳುಹೊಟ್ಟೆಯ ಗಣಗಳ ಸಾಲಿದೆ. ಭೂತಗಣಗಳೆಂದರೆ ಇವೇ. ಒಂದು ಕುಣಿಯುತ್ತಿದೆ, ಒಂದು ನಗುತ್ತಿದೆ, ಒಂದು ಪಕ್ಕದವನನ್ನು ಚೇಷ್ಟೆ ಮಾಡುವಂತಿದೆ. ನಮ್ಮ ಮಠದ ವಸತಿನಿಲಯದ ಮಕ್ಕಳನ್ನು ಕರೆದುಕೊಂಡು ಹೋದಾಗ ಅವರು ಹದಿನೆಂಟು ಕೈಯ ನಟರಾಜನನ್ನು ಬಿಟ್ಟು ಈ ಗಣಗಳ ಮುಂದೆಯೇ ಕುಳಿತುಬಿಟ್ಟರು, ಎಬ್ಬಿಸುವುದು ಕಷ್ಟವಾಯಿತು. ಒಂದು ಮಗುವೂ ಅಂಜಲಿಲ್ಲ. ಆ ಶಿಲ್ಪಿಗಳಿಗೆ ಭೂತವೆಂದರೆ ಶಿವನ ಮನೆಯ ಮಕ್ಕಳು. ಎದುರಿಗೆ ಅಗಸ್ತ್ಯತೀರ್ಥದ ದಂಡೆಯ ಮೇಲಿರುವ ಗುಡಿಯ ಹೆಸರೇ ಭೂತನಾಥ. ಸಂಜೆಯ ಹೊತ್ತಿಗೆ ಆ ಗುಡಿಯ ಮುಂದೆ ಕುಳಿತವರಿಗೆ ಭಯ ಇದ್ದರೆ ಅದು ಮಂಗಗಳದು, ಭೂತಗಳದಲ್ಲ.

ಅರುವತ್ತುಮೂವರು ಪುರಾತನರಲ್ಲಿ ಕಾರಿಕಾಲಮ್ಮೆಯ ಚರಿತ್ರೆ ನಿಮಗೆ ಗೊತ್ತೇ ಇದೆ. ತಮಿಳಿನಲ್ಲಿ ಪೆರಿಯಪುರಾಣ ಹೇಳಿದ್ದನ್ನು, ಕನ್ನಡದಲ್ಲಿ ಹರಿಹರದೇವನೂ ರಗಳೆಯಾಗಿ ಹಾಡಿದ್ದಾನೆ. ಗಂಡನು ಅವಳನ್ನು ದೇವತೆಯೆಂದು ಹೆದರಿ ಬಿಟ್ಟುಹೋದ ಮೇಲೆ ಆ ತಾಯಿ ತನ್ನ ರೂಪ, ಯೌವನ, ಮಾಂಸವೆಲ್ಲ ಉದುರಿ ಎಲುಬಿನ ಗೂಡಿನಂಥ ಪೇಯಿಯ ಆಕಾರ ಬರಲೆಂದು ಶಿವನನ್ನು ಬೇಡಿಕೊಂಡಳು. ಕೈಲಾಸವನ್ನು ಕಾಲಿನಿಂದ ತುಳಿಯಬಾರದೆಂದು ತಲೆಯ ಮೇಲೆ ನಡೆದು ಹೋದಳು. ಶಿವನು ಅವಳನ್ನು ಅಮ್ಮಾ ಎಂದು ಕರೆದನು. ಚೋಳರ ಕಾಲದ ವಿಗ್ರಹಗಳಲ್ಲಿ ಬತ್ತಿದ ಎದೆಯ, ಕೈಯಲ್ಲಿ ತಾಳ ಹಿಡಿದ ಒಬ್ಬ ಮುದುಕಿ ಕುಳಿತಿರುತ್ತಾಳೆ. ಅರಿಯದವರು ಅವಳನ್ನು ಪಿಶಾಚಿಯೆನ್ನುತ್ತಾರೆ, ಅರಿತವರು ಕೈಮುಗಿಯುತ್ತಾರೆ.

ಘಟ್ಟದ ಕೆಳಗೆ ತುಳುನಾಡಿನಲ್ಲಿ ಈ ಶಬ್ದದ ಬದುಕೇ ಬೇರೆ. ಅಲ್ಲಿ ಭೂತವೆಂದರೆ ಊರನ್ನು ಕಾಯುವ, ಕೋಲದ ದಿನ ಮಾನವನ ಮೈಮೇಲೆ ಬಂದು ನ್ಯಾಯ ಹೇಳುವ ದೈವ. ಪಂಜುರ್ಲಿ, ಜುಮಾದಿ, ಬೊಬ್ಬರ್ಯ, ಕೋಟಿ ಚೆನ್ನಯರು ಹೀಗೆ ನೂರಾರು. ಅವರಲ್ಲಿ ಕೆಲವರು ಅನ್ಯಾಯದಿಂದ ಸತ್ತ ಮನುಷ್ಯರು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ಪ್ರತಿಷ್ಠಾಪಿಸಿದರು. ಅಂಥ ಮೂರ್ತಿಯನ್ನು ಬೇರೆಲ್ಲಿಯೂ ಮಾಡಬಾರದೆಂದು ಅರಸನು ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದನೆಂದೂ, ಅವನೂ ತಂಗಿ ಕಲ್ಲುರ್ಟಿಯೂ ಭೂತಗಳಾಗಿ ಅರಸನನ್ನು ಕಾಡಿದರೆಂದೂ ಪಾಡ್ದನ ಹೇಳುತ್ತದೆ. ಶಾಸನದಲ್ಲಿ ಅರಸನ ಹೆಸರಿದೆ, ಪಾಡ್ದನದಲ್ಲಿ ಕೈ ಕಳೆದುಕೊಂಡವನ ಹೆಸರಿದೆ. ಬದುಕಿದ್ದಾಗ ಸಿಗದ ನ್ಯಾಯವನ್ನು ಸತ್ತ ಮೇಲಾದರೂ ಕೊಡಬೇಕೆಂದು ಆ ಜನ ಭೂತವೆಂಬ ಶಬ್ದವನ್ನು ಹಿಡಿದುಕೊಂಡರು. ಆಗಿಹೋದದ್ದು ಎಂಬ ಹಳೆಯ ಅರ್ಥ ಇಲ್ಲಿ ಮತ್ತೆ ಜೀವ ತಳೆದಂತೆ ನಮಗೆ ಕಾಣುತ್ತದೆ. ದೈವವು ಕಣ್ಣಿಗೆ ಕಾಣದೆ ಹೋಗುವುದಕ್ಕೆ ಅವರು ಮಾಯ ಎನ್ನುತ್ತಾರೆ, ಮೈದೋರಿ ಇರುವುದಕ್ಕೆ ಜೋಗ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಪಾಡ್ದನಗಳನ್ನು ಬರೆದಿಟ್ಟುಕೊಂಡು ಉಪಕಾರ ಮಾಡಿದರು. ಆದರೆ ಬರ್ನೆಲ್ ಎಂಬ ವಿದ್ವಾಂಸನು ಸಿದ್ಧಪಡಿಸಿದ ಅನುವಾದಗಳು ಅವನ ಮರಣಾನಂತರ 1894ರಿಂದ ಅಚ್ಚಾದಾಗ ಅವುಗಳ ತಲೆಬರಹ ತುಳುವರ ಸೈತಾನಪೂಜೆ ಎಂದಾಗಿತ್ತು. ಒಂದು ಶಬ್ದವನ್ನು ತಪ್ಪಾಗಿ ಅನುವಾದಿಸಿದರೆ ಒಂದು ನಾಡಿನ ಭಕ್ತಿಯೆಲ್ಲ ಸೈತಾನನ ಲೆಕ್ಕಕ್ಕೆ ಹೋಗುತ್ತದೆ. ನಮ್ಮ ಆಚಾರ ಬೇರೆ, ಇಷ್ಟಲಿಂಗವನ್ನು ಬಿಟ್ಟು ನಾವು ಅನ್ಯದೈವಕ್ಕೆ ಎರಗುವವರಲ್ಲ. ಹಾಗೆಂದು ಅವರದನ್ನು ಹೀಗಳೆಯುವ ಅಧಿಕಾರ ನಮಗಿಲ್ಲ.

ಈಗ ನಮ್ಮ ಮನೆಗೆ ಬರೋಣ. ವಿಭೂತಿಗೆ ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷಾ ಎಂದು ಐದು ಹೆಸರುಗಳನ್ನು ಸಿದ್ಧಾಂತ ಶಿಖಾಮಣಿ ಹೇಳುತ್ತದೆ. ಸರ್ವಭೂತಗಳಿಂದ ರಕ್ಷಿಸುವುದರಿಂದ ರಕ್ಷಾ. ಬೃಹಜ್ಜಾಬಾಲೋಪನಿಷತ್ತು ಅದೇ ಮಾತನ್ನು ಬಿಡಿಸಿ ಭೂತ, ಪ್ರೇತ, ಪಿಶಾಚ, ಬ್ರಹ್ಮರಾಕ್ಷಸ, ಅಪಸ್ಮಾರ ಎಂದು ಪಟ್ಟಿಮಾಡಿ, ಆ ಪಟ್ಟಿಯ ತುದಿಗೆ ಭವಭೀತಿ ಎಂಬುದನ್ನು ಇಡುತ್ತದೆ. ಅಪಸ್ಮಾರವೆಂದರೆ ಮೂರ್ಛೆರೋಗ. ಭವಭೀತಿ ಎಂದರೆ ಹುಟ್ಟುಸಾವುಗಳ ಅಂಜಿಕೆ. ಭೂತವೂ ವಿಭೂತಿಯೂ ಒಂದೇ ಧಾತುವಿನವೆಂದು ಆಗಲೇ ಹೇಳಿದೆವು. ಒಂದನ್ನು ಹಣೆಗೆ ಹಚ್ಚಿಕೊಂಡು ಇನ್ನೊಂದಕ್ಕೆ ಓಡಿಹೋಗುವುದು ಹೇಗೆ?

ಸಾವಿನ ವಿಷಯದಲ್ಲಿ ಶರಣರ ಮಾರ್ಗ ಖಚಿತವಾಗಿದೆ. ಸ್ಮಾರ್ತರ ಕ್ರಮದಲ್ಲಿ ಸತ್ತವನು ಸಪಿಂಡೀಕರಣ ಆಗುವವರೆಗೆ ಪ್ರೇತ, ಆಮೇಲೆ ಪಿತೃ. ನಮ್ಮಲ್ಲಿ ಪ್ರೇತತ್ವವೇ ಇಲ್ಲ. ಲಿಂಗವಂತನು ಸಾಯುವುದಿಲ್ಲ, ಲಿಂಗೈಕ್ಯನಾಗುತ್ತಾನೆ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆಗಳ ನಡುವೆ ಕುಳ್ಳಿರಿಸಿ ಮಣ್ಣು ಕೊಟ್ಟ ಮೇಲೆ ಐದು ಭೂತಗಳು ಐದು ಭೂತಗಳನ್ನು ಸೇರುತ್ತವೆ, ಜೀವ ಲಿಂಗವನ್ನು ಸೇರುತ್ತದೆ. ಹುಣಸೆಮರಕ್ಕೆ ಹೋಗಿ ಜೋತುಬೀಳಲು ಉಳಿಯುವುದೇನು? 12ನೆಯ ಶತಮಾನದ ಶರಣರು ಮಾರಿ ಮಸಣಿಗಳಿಗೆ ಹರಕೆ ಹೊರುವವರನ್ನು ಅಷ್ಟು ಕಟುವಾಗಿ ಟೀಕಿಸಿದ್ದು ಆ ದೈವಗಳ ಮೇಲಿನ ಸಿಟ್ಟಿನಿಂದಲ್ಲ, ಅಂಜಿಕೆಯನ್ನು ಭಕ್ತಿಯೆಂದು ತಿಳಿದವರ ಮೇಲಿನ ಕನಿಕರದಿಂದ. ಪ್ರಭುದೇವರೂ ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಹುಡುಕಬೇಡಿರಿ, ಮನಸ್ಸಿನ ಬಯಕೆಯಲ್ಲಿ ನೋಡಿರಿ ಎಂದರು. ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಮಾಯೆಯನ್ನು ಬನವಾಸಿಯ ಅರಸನ ಮಗಳಾಗಿ ಹುಟ್ಟಿಸಿದನು, ಆ ಅರಸನ ಹೆಸರು ಮಮಕಾರ. ಗಾಯ ಮಾಯಿತು ಎನ್ನುವಾಗ ಬರುವ ಮಾಯುವುದು ಮಾತ್ರ ಅಚ್ಚಗನ್ನಡದ ಬೇರೆ ಮಾತು. ಅದನ್ನು ಈ ಮಾಯೆಗೆ ಗಂಟುಹಾಕಬೇಡಿರಿ.

ಹೀಗೆ ಶಾಸ್ತ್ರ ಹೇಳುವುದು ಸುಲಭ. ಆದರೆ ನಮ್ಮದೊಂದು ತಪ್ಪನ್ನು ಹೇಳದೆ ಈ ಪ್ರವಚನ ಮುಗಿಸಲಾರೆವು. ನಾವು ಪೀಠಕ್ಕೆ ಬಂದ ಹೊಸದರಲ್ಲಿ ಒಂದು ಮನೆತನದವರು ಸೊಸೆಯನ್ನು ಕರೆತಂದರು. ಇಪ್ಪತ್ತರ ಒಳಗಿನ ಹುಡುಗಿ. ಹೆತ್ತ ಕೂಸು ಹತ್ತು ದಿನ ಬದುಕಿ ಹೋಗಿತ್ತು. ಅಂದಿನಿಂದ ಉಣ್ಣಳು, ಮಾತಾಡಳು, ರಾತ್ರಿ ಎದ್ದು ಹಿತ್ತಲಿಗೆ ಹೋಗಿ ಕೂಸನ್ನು ಹುಡುಕುವಳು. "ಮೊದಲನೆ ಹೆಂಡತಿ ಬಾಣಂತನದಾಗ ಹೋಗ್ಯಾಳ್ರಿ ಅಜ್ಜಾರ, ಆಕೀನ ಇಕಿಗೆ ಬಡಕೊಂಡಾಳ" ಎಂದರು. ಆ ಮೊದಲನೆಯವಳೂ ಲಿಂಗವಂತಳೇ. ಅವಳ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದವರು, ಶಿವಗಣಾರಾಧನೆ ಮಾಡಿ ಊಟಕ್ಕೆ ಹಾಕಿದವರು ಇದೇ ಜನ. ನಾವು ಅದನ್ನು ಆಗಲೇ ಕೇಳಬೇಕಾಗಿತ್ತು. ಕೇಳಲಿಲ್ಲ. ಬಂದವರ ಮನಸ್ಸಿಗೆ ಸಮಾಧಾನವಾಗಲೆಂದು ವಿಭೂತಿ ಹಚ್ಚಿ, ಮಂತ್ರಿಸಿದ ದಾರವೊಂದನ್ನು ಹುಡುಗಿಯ ರಟ್ಟೆಗೆ ಕಟ್ಟಿಸಿ ಕಳಿಸಿದೆವು. ಹೊಸ ಸ್ವಾಮಿಗಳು, ಇಲ್ಲವೆಂದರೆ ಭಕ್ತರು ಏನೆಂದಾರೋ ಎಂಬ ಅಳುಕೂ ಇತ್ತು, ಅದನ್ನೇಕೆ ಮುಚ್ಚಿಡಬೇಕು?

ಆ ದಾರವನ್ನು ನೋಡಿ ಊರವರು ಏನೆಂದರು? "ಅಜ್ಜಾರೇ ಕಟ್ಯಾರ ಅಂದಮ್ಯಾಲೆ ದೆವ್ವ ಇರೂದು ಖರೇನ" ಎಂದರು. ಎಂಟು 10 ದಿನಕ್ಕೆ ಗುಣವಾಗದಿದ್ದಾಗ ಬಿಡಿಸುವವನೊಬ್ಬನ ಕಡೆಗೆ ಒಯ್ದರು. ಅವನು ಕಟ್ಟಿಹಾಕಿ, ಮೆಣಸಿನಕಾಯಿ ಹೊಗೆ ಹಾಕಿ, ಬೆತ್ತದಿಂದ ಹೊಡೆದನು. ಮುಖಕ್ಕೆ ಅಡ್ಡ ಹಿಡಿದ ಬಲಗೈಯ ಎರಡು ಬೆರಳು ಮುರಿದವು. ಸುದ್ದಿ ತಿಳಿದಾಗ ನಮ್ಮ ಹಿರಿಯ ಗುರುಗಳು ಇನ್ನೂ ಇದ್ದರು, ಹಾಸಿಗೆ ಹಿಡಿದಿದ್ದರು. ನಮ್ಮನ್ನು ಹತ್ತಿರ ಕರೆದು ಕೇಳಿದ್ದು ಒಂದೇ ಮಾತು: "ನೀ ಆ ಕೂಸಿಗೆ ಕಟ್ಟಿದ್ದು ದಾರಾನೋ ದೆವ್ವಾನೋ?" ನಮ್ಮಲ್ಲಿ ಉತ್ತರವಿರಲಿಲ್ಲ. ಅಂದೇ ಗಾಡಿ ಮಾಡಿ ಹುಡುಗಿಯನ್ನು ಆಸ್ಪತ್ರೆಗೆ ಕಳಿಸಿದೆವು. ಮನಸ್ಸಿನ ವೈದ್ಯರು ಆರು ತಿಂಗಳು ಔಷಧ ಕೊಟ್ಟರು. ಅದಕ್ಕಿಂತ ಹೆಚ್ಚಾಗಿ, ಅವಳ ತವರಿನ ತಾಯಿ ದಿನವೂ ಪಕ್ಕದಲ್ಲಿ ಕುಳಿತು ಕೂಸಿನ ವಿಷಯ ಮಾತಾಡಿಸಿ ಅಳಿಸಿದಳು. ಅಳುವುದಕ್ಕೆ ಅದುವರೆಗೆ ಯಾರೂ ಅವಳಿಗೆ ಬಿಟ್ಟಿರಲಿಲ್ಲ.

ಅಂದಿನಿಂದ ನಮ್ಮ ಮಠದಲ್ಲಿ ದಾರ ಕಟ್ಟುವುದನ್ನು, ಯಂತ್ರ ಬರೆದುಕೊಡುವುದನ್ನು ನಿಲ್ಲಿಸಿದ್ದೇವೆ. ಇದರಿಂದ ಬೇಸರಪಟ್ಟು ಮಠಕ್ಕೆ ಬರುವುದನ್ನು ಬಿಟ್ಟ ಭಕ್ತರೂ ಇದ್ದಾರೆ. ಈಗಂತೂ ಕಾನೂನೇ ಬಂದಿದೆ. ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಅಧಿನಿಯಮವನ್ನು ಕರ್ನಾಟಕದ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ದೆವ್ವ ಬಿಡಿಸುವೆನೆಂದು ಕಟ್ಟುವುದು, ಹೊಡೆಯುವುದು ಅಪರಾಧ. ಕಲ್ಯಾಣದ ಶರಣರು ಎಂಟುನೂರು ವರ್ಷಗಳ ಹಿಂದೆ ಬೇಡವೆಂದದ್ದಕ್ಕೆ ಪೊಲೀಸರು ಬರಬೇಕಾಯಿತಲ್ಲ ಎಂದು ನಮಗೆ ನಾಚಿಕೆಯೆನಿಸುತ್ತದೆ.

ಆ ತಾಯಿ ಇಂದಿಗೂ ಜಾತ್ರೆಗೆ ಬರುತ್ತಾಳೆ. ಮೂರು ದಿನ ದಾಸೋಹದ ಅಡಿಗೆಮನೆಯಲ್ಲಿ ಕುಳಿತು ರೊಟ್ಟಿ ಬಡಿಯುತ್ತಾಳೆ. ಆ ಎರಡು ಬೆರಳು ಈಗಲೂ ನೆಟ್ಟಗಾಗುವುದಿಲ್ಲ, ಅದಕ್ಕೆ ಅಂಗೈಯ ಬುಡದಿಂದಲೇ ಬಡಿಯುವ ರೂಢಿ ಮಾಡಿಕೊಂಡಿದ್ದಾಳೆ.

ಇನ್ನು ಮುಂಜಾನೆಯ ಹುಡುಗನ ವಿಷಯ. ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಪಂಚಾಂಗ ಓದಲು ಇಟ್ಟುಕೊಂಡ ನಮ್ಮ ಭೂತಗನ್ನಡಿಯನ್ನು ಕೊಟ್ಟೆವು. ಕಪಾಟಿನ ಮೇಲೆ ಹರಿಯುತ್ತಿದ್ದ ಇರುವೆಯನ್ನು ಅದರಲ್ಲಿ ನೋಡು ಎಂದೆವು. ನೋಡಿ ಬೆಚ್ಚಿದನು, ಕನ್ನಡಿ ತೆಗೆದು ಮತ್ತೆ ನೋಡಿದನು, ಮತ್ತೆ ಹಿಡಿದನು. "ಇರಿವೀನ ಐತ್ರಿ ಅಜ್ಜಾರ, ಕನ್ನಡಿ ದೊಡ್ಡದು ಮಾಡೇತಿ" ಎಂದನು. "ಹಂಗಾರ ಹೊಟ್ಟ್ಯಾಗಿನ ಐದು ಭೂತ ಯಾವು?" ಎಂದು ಕೇಳಿದ್ದಕ್ಕೆ ಬೆರಳು ಮಡಿಚಿ ಮಣ್ಣು, ನೀರು, ಬೆಂಕಿ, ಗಾಳಿ ಎಂದು ನಾಲ್ಕು ಎಣಿಸಿದನು. ಐದನೆಯದು ಅವನಿಗೆ ಹೊಳೆಯಲಿಲ್ಲ. ನಾಳೆ ಹೇಳುವೆನೆಂದು ಹೋಗಿದ್ದಾನೆ. ನಾಳೆ ಇದೇ ವೇಳೆಗೆ ಆಕಾಶತತ್ತ್ವದ ನಿರೂಪಣೆ ಮುಂದುವರಿಯುವುದು.